ತಗ್ಗಿನಲ್ಲೊಂದು ಬಾಡಿಗೆ ಮನೆ

ಯಾರ ಮನೆಗೆ ಹೋದರೂ ನಾನು ಕುಳಿತುಕೊಳ್ಳುವ ಮೊದಲು ಒಂದು ಕಿಟಕಿ ತೆರೆಯುತ್ತೇನೆ. ಕೇಳಿ ತೆರೆಯುವುದಿಲ್ಲ. ಕೇಳಿದರೆ ಬೇಡ ಎನ್ನುತ್ತಾರೆ, ಬೇಡ ಎಂದ ಮೇಲೆ ತೆರೆದರೆ ಜಗಳವಾಗುತ್ತದೆ. ಆದ್ದರಿಂದ ಹೊರಗೆ ಏನನ್ನೋ ನೋಡುವವನಂತೆ ಎದ್ದು ಹೋಗಿ ಅಗುಳಿ ಜಾರಿಸಿಬಿಡುತ್ತೇನೆ. ಒಮ್ಮೆ ನೆಂಟರ ಮನೆಯಲ್ಲಿ ಹೀಗೆ ತೆರೆದ ಕಿಟಕಿಯಿಂದ ಬೆಕ್ಕು ಒಳಕ್ಕೆ ಬಂದು ಹಾಲಿನ ಪಾತ್ರೆಗೆ ಬಾಯಿಟ್ಟಿತು. ಇನ್ನೊಮ್ಮೆ ರೈಲಿನಲ್ಲಿ ಇಂಜಿನ್ನಿನ ಕಿಡಿ ಹಾರಿ ಬಂದು ಎದುರು ಕುಳಿತಿದ್ದ ಶಾನುಭೋಗರ ಜರಿ ಪೇಟಕ್ಕೆ ತೂತು ಬಿತ್ತು. ಅವರು ನಂಜನಗೂಡು ಬರುವವರೆಗೂ ನನ್ನ ವಂಶದ ಮೂರು ತಲೆಮಾರನ್ನು ಬಿಡದೆ ಬೈದರು. ನಮ್ಮ ಬೀದಿಯ ಮಕ್ಕಳು ನನಗೆ 'ಗಾಳಿ ಮಾವ' ಎಂದು ಹೆಸರಿಟ್ಟಿದ್ದಾರೆ. ಹೆಸರು ಕೆಟ್ಟದ್ದೇನಲ್ಲ. ಅದಕ್ಕಿಂತ ಕೆಟ್ಟ ಹೆಸರಿಗೆ ನಾನು ಅರ್ಹನಾಗಿದ್ದೇನೆ.

ಮೊನ್ನೆ ಆ ನೆಂಟರ ಕಡೆಯ ಹುಡುಗನೊಬ್ಬನಿಂದ ಕಾಗದ ಬಂತು. ಅವನಿಗೆ ಊಟಿಯಲ್ಲಿ ಗುಮಾಸ್ತನ ಕೆಲಸ ಸಿಕ್ಕಿದೆಯಂತೆ. ಹೆಂಡತಿ, ಎರಡು ಸಣ್ಣ ಮಕ್ಕಳು. 'ಪೇಟೆಯೊಳಗೆ ಬಾಡಿಗೆ ಕೈಗೆ ಎಟುಕುವುದಿಲ್ಲ. ಹೊರಗೆ ಯಾವ ಕಡೆ ಮನೆ ಹಿಡಿದರೆ ಮಕ್ಕಳಿಗೂ ಒಳ್ಳೆಯದು, ಕಚೇರಿಗೂ ಹೋಗಿ ಬರಬಹುದು? ತಾವು ಬಹಳ ವರ್ಷ ಅಲ್ಲಿದ್ದವರು, ಅನುಭವಸ್ಥರು' ಎಂದು ಕೇಳಿದ್ದಾನೆ. ಅನುಭವಸ್ಥನಂತೆ! ಕಾಗದ ಬಂದು ಹನ್ನೆರಡು ದಿನವಾಯಿತು, ನಾನಿನ್ನೂ ಉತ್ತರ ಬರೆದಿಲ್ಲ. ಎರಡು ಸಾಲಿನಲ್ಲಿ ಬರೆಯಬಹುದಾದ ಉತ್ತರ ಅದು. ಆದರೆ ಆ ಎರಡು ಸಾಲು ನನಗೆ ಹೇಗೆ ತಿಳಿಯಿತು ಎಂಬುದನ್ನು ಬರೆಯದೆ ಬರಿದೆ ಬುದ್ಧಿ ಹೇಳಲು ಕೈ ಬರುವುದಿಲ್ಲ. ಅದಕ್ಕೇ ಈ ಉದ್ದದ ಪುರಾಣ. ಅವನಿಗೂ ಆಯಿತು, ನಿಮಗೂ ಆಯಿತು.

ನಾನು ಊಟಿಗೆ ಹೋದದ್ದು ನಕ್ಷೆ ಬರೆಯುವ ಗುಮಾಸ್ತನಾಗಿ. ಬೆಟ್ಟಗಳನ್ನು ಅಳೆದು ಬಂದವರು ಕೊಟ್ಟ ಲೆಕ್ಕವನ್ನು ನೋಡಿಕೊಂಡು ಕಾಗದದ ಮೇಲೆ ಎತ್ತರದ ಗೆರೆಗಳನ್ನು ಎಳೆಯುವುದು ನನ್ನ ಕೆಲಸ. ಗೆರೆ ಹತ್ತಿರ ಹತ್ತಿರವಿದ್ದರೆ ಕಡಿದು, ದೂರ ದೂರವಿದ್ದರೆ ಬಯಲು. ಬೆಟ್ಟ ಹತ್ತದೆಯೇ ಬೆಟ್ಟ ಬಲ್ಲವನಾಗುವ ವಿದ್ಯೆ ಇದು. ನನ್ನ ಗೆರೆ ಕೂದಲೆಳೆಯ ಹಾಗೆ ನಡುಗದೆ ಓಡುತ್ತಿತ್ತು. ದೊರೆ ಬಂದು ಬೆನ್ನ ಹಿಂದೆ ನಿಂತು ನೋಡಿ 'ಗುಡ್' ಎಂದರೆ, ಆ ದಿನ ಮನೆಯಲ್ಲಿ ನಾನು ಅನ್ನಕ್ಕೆ ಉಪ್ಪು ಕಡಿಮೆಯಾಯಿತೆಂದು ಗದರುವಷ್ಟು ದೊಡ್ಡವನಾಗುತ್ತಿದ್ದೆ.

ಮನೆ ಎಂದೆನೇ? ಅದು ಮನೆಯಲ್ಲ. ಪೇಟೆಯ ಸಂತೆಕಟ್ಟೆಯ ಹಿಂದೆ ಒಂದು ಕೋಣೆ. ಪಕ್ಕದಲ್ಲಿ ಕುದುರೆಲಾಯ. ಗೋಡೆಯಲ್ಲಿ ವರ್ಷಪೂರ್ತಿ ನೀರು ಜಿನುಗುತ್ತಿತ್ತು. ನನ್ನ ಹೆಂಡತಿ ನಾಗವೇಣಿ ಅಕ್ಕಿಯ ಡಬ್ಬಿಯಿಂದ ಹಿಡಿದು ದೇವರ ಪಟದವರೆಗೆ ಎಲ್ಲವನ್ನೂ ಗೋಡೆಯಿಂದ ಒಂದು ಗೇಣು ದೂರ ಇಡುತ್ತಿದ್ದಳು. ನಮ್ಮ ಮಗಳು ಶಾರದೆಗೆ ಆಗ ಮೂರು ತುಂಬಿ ನಾಲ್ಕು. ಮದುವೆಯಾಗಿ ಒಂಬತ್ತು ವರ್ಷಕ್ಕೆ ಹುಟ್ಟಿದ ಮಗು. ಆ ಕೋಣೆಯಲ್ಲಿ ಅವಳು ಕೆಮ್ಮದ ದಿನವೇ ಇರಲಿಲ್ಲ. ಆಸ್ಪತ್ರೆಯ ಡಾಕ್ಟರು ಅವಳ ಎದೆಗೆ ಕಿವಿಯಿಟ್ಟು ಕೇಳಿ, ನನ್ನ ಕಡೆ ನೋಡದೆ ಹೇಳಿದರು: "ಔಷಧಿ ಕೊಡ್ತೇನೆ. ಆದರೆ ಔಷಧಿಯಿಂದ ವಾಸಿಯಾಗೋದಲ್ಲ ಇದು. ಇನ್ನೊಂದು ಮಳೆಗಾಲ ಈ ಮಗೂನ ಆ ಕೋಣೇಲಿ ಇಟ್ಕೋಬೇಡಿ."

ದಾರಿಯಲ್ಲಿ ನಾಗವೇಣಿ ಮಗುವನ್ನು ಸೆರಗಿನೊಳಗೆ ಮುಚ್ಚಿಕೊಂಡು ನಡೆಯುತ್ತ ಒಂದೇ ಮಾತು ಹೇಳಿದಳು. "ನನಗೆ ಚಿನ್ನ ಬೇಡ, ಸೀರೆ ಬೇಡ. ಇದು ಕೆಮ್ಮದೇ ಇರೋ ಒಂದು ಮನೆ ನೋಡಿ ಕೊಡಿ, ಸಾಕು." ಅಂದಿನಿಂದ ನನ್ನ ಮನೆ ಹುಡುಕಾಟ ಶುರುವಾಯಿತು.

ಕಚೇರಿಯಲ್ಲಿ ಇದ್ದವರೆಲ್ಲ ಸಲಹೆ ಕೊಟ್ಟರು. ಒಬ್ಬರು ಕಾಂದಲ್ ಎಂದರು. ಹೋಗಿ ನೋಡಿದರೆ ಅಲ್ಲಿ ಒಂದರ ಬೆನ್ನಿಗೊಂದು ಮನೆ, ನಮ್ಮ ಕೋಣೆಯೇ ಅರಮನೆ ಎನ್ನಿಸಿತು. ಇನ್ನೊಬ್ಬರು ಫರ್ನ್‌ಹಿಲ್ ಎಂದರು. ಅಲ್ಲಿಯ ಗೇಟುಗಳನ್ನು ನೋಡಿಯೇ ಹಿಂದಿರುಗಿದೆ, ನಾಯಿಗಳು ಸಹ ಇಂಗ್ಲಿಷಿನಲ್ಲಿ ಬೊಗಳುತ್ತಿದ್ದವು. ಮೂರನೆಯವರು, 'ರೈಲು ಬಂದಿದೆಯಲ್ಲಯ್ಯಾ, ಕೂನೂರಿನಲ್ಲಿ ಮನೆ ಮಾಡು, ಹತ್ತಿ ಬಾ, ಇಳಿದು ಹೋಗು' ಎಂದರು. ಆ ಮಹಾರಾಯರು ವೇಳಾಪಟ್ಟಿ ನೋಡಿರಲಿಲ್ಲ. ಬೆಳಗಿನ ರೈಲು ಏದುತ್ತ ಊಟಿ ಮುಟ್ಟುವ ಹೊತ್ತಿಗೆ ಕಚೇರಿಯಲ್ಲಿ ಮಧ್ಯಾಹ್ನದ ಫಲಾಹಾರ ಮುಗಿದಿರುತ್ತಿತ್ತು. ಹಾಗಾಗಿ ನಡೆದು ಬರುವಷ್ಟು ದೂರದಲ್ಲೇ ಮನೆ ಬೇಕು ಎಂದು ತೀರ್ಮಾನಿಸಿ, ನಾನು ನನ್ನದೇ ವಿದ್ಯೆಯನ್ನು ನೆಚ್ಚಿದೆ. ಕಚೇರಿಯ ಹಳೆಯ ನಕ್ಷೆಯೊಂದನ್ನು ಬಿಡಿಸಿ, ಅದರ ಮೇಲೆ ದಾರ ಹಿಡಿದು ಕುಳಿತೆ.

ಈ ದಾರ ಹಿಡಿಯುವಾಗ ನಮ್ಮ ತಾತನ ನೆನಪಾಗಿ ನಗು ಬಂದಿತ್ತು. ತಾತ ನಂಜನಗೂಡಿನ ಆಚೆ ಹಳ್ಳಿಯಲ್ಲಿ ಹೊಸ ಮನೆ ಕಟ್ಟಿಸುವ ಮೊದಲು ಹಸುವನ್ನು ಆ ನಿವೇಶನದಲ್ಲಿ ಮೂರು ದಿನ ಬಿಟ್ಟಿದ್ದರು. ಅದು ಎಲ್ಲಿ ತಾನಾಗಿ ಮಲಗಿ ಮೆಲುಕು ಹಾಕುತ್ತದೋ ಅಲ್ಲಿ ಮಲಗುವ ಕೋಣೆ. ಹಸುವಾದರೋ ಮೂರು ದಿನವೂ ಪಕ್ಕದ ಮನೆಯವರ ಜಾಗದಲ್ಲೇ ಮಲಗಿತು. ತಾತ ಕೊಸರಾಡಿ ಆ ಆರು ಮೊಳ ನೆಲವನ್ನು ಕೊಂಡುಕೊಂಡು ಅಲ್ಲೇ ಕೋಣೆ ಕಟ್ಟಿಸಿದರು. ನಾವು ಮೊಮ್ಮಕ್ಕಳೆಲ್ಲ ಹುಟ್ಟಿದ್ದು ಆ ಕೋಣೆಯಲ್ಲೇ. ಬಾಣಂತಿಯ ಮಂಚದ ಕೆಳಗೆ ಇದ್ದಿಲ ಅಗ್ಗಿಷ್ಟಿಕೆ, ಅದರ ಮೇಲೆ ಒಂದು ಚಿಟಿಕೆ ಸಾಂಬ್ರಾಣಿ, ನಾಡಹೆಂಚಿನ ಸಂದಿನಿಂದ ಇಳಿಯುವ ಬಿಸಿಲ ಕೋಲು. ಈಗಲೂ ಸಾಂಬ್ರಾಣಿ ವಾಸನೆ ಬಂದರೆ ಮೊದಲು ಎದೆ ತಣ್ಣಗಾಗುತ್ತದೆ, ಆಮೇಲೆ ಎದ್ದು ಕಿಟಕಿ ಹುಡುಕುತ್ತೇನೆ. ತಾತನಿಗೆ ಹಸು, ನನಗೆ ನಕ್ಷೆ, ಕಾಲ ಎಷ್ಟು ಮುಂದುವರಿದಿದೆ ಎಂದು ಆ ದಿನ ಬೀಗಿದ್ದೆ.

ನನ್ನ ತರ್ಕ ಕೇಳಿ. ಮೆಟ್ಟುಪಾಳ್ಯದಲ್ಲಿ ಬೆವರು. ಕೂನೂರಿನಲ್ಲಿ ಒಂದು ಅಂಗಿ. ಊಟಿಯಲ್ಲಿ ಎರಡು ಅಂಗಿ, ಮೇಲೊಂದು ಕೋಟು. ಅಂದರೆ ಎತ್ತರ ಹೆಚ್ಚಿದಷ್ಟೂ ಚಳಿ, ಇಳಿದಷ್ಟೂ ಬಿಸಿ. ಆದ್ದರಿಂದ ಮಗುವಿಗೆ ಎಷ್ಟು ಸಾಧ್ಯವೋ ಅಷ್ಟು ತಗ್ಗಿನಲ್ಲಿ ಮನೆ ಬೇಕು. ಲವ್‌ಡೇಲ್ ದಾಟಿ ಕೇತಿಯ ಕಣಿವೆಯ ಕಡೆ ನನ್ನ ಬೆರಳು ಇಳಿಯಿತು. ಅಲ್ಲಿ ಗೆರೆಗಳು ಬಟ್ಟಲಿನ ಹಾಗೆ ಒಂದರೊಳಗೊಂದು ಸುತ್ತಿದ ಒಂದು ಗುಳಿ. ನಾಲ್ಕು ಕಡೆ ಗುಡ್ಡ, ಗಾಳಿಯ ಕಾಟವಿಲ್ಲ, ಪಕ್ಕದಲ್ಲೇ ತೊರೆ. ದಾರದಲ್ಲಿ ಅಳೆದರೆ ಕಚೇರಿಗೆ ಮೂರು ಮೈಲಿ. ದಾರಕ್ಕೆ ಏದುಸಿರು ಬರುವುದಿಲ್ಲ ಎಂಬುದು ಆಮೇಲೆ ಕಾಲಿಗೆ ತಿಳಿಯಿತು. ಅದು ನಾಲ್ಕೂವರೆ ಮೈಲಿ, ನಡುವೆ ಎರಡು ಏರು.

ಭಾನುವಾರ ಮೂವರೂ ಹೋದೆವು. ಏಪ್ರಿಲ್ ತಿಂಗಳು. ಗುಳಿಯ ಮಧ್ಯೆ ಮನೆ ನಿಜವಾಗಿಯೂ ಇತ್ತು. ಯಾವನೋ ಗುತ್ತಿಗೆದಾರ ತನ್ನ ಮೇಸ್ತ್ರಿಗೆಂದು ಕಟ್ಟಿಸಿ ಬಿಟ್ಟದ್ದು. ತಗಡಿನ ಮಾಡು, ಒಳಗೆ ಹಲಗೆಯ ಚಾವಣಿ, ಗಾಜಿನ ಕಿಟಕಿ, ಗೋಡೆಯೊಳಗೆ ಬೆಂಕಿಗೂಡು, ಅದಕ್ಕೆ ಹೊಗೆ ಹೋಗುವ ಗೂಡು. ಗುಮಾಸ್ತನ ಬಾಡಿಗೆಗೆ ದೊರೆಯ ಮನೆ! ಇಷ್ಟು ಕಡಿಮೆಗೆ ಏಕೆ ಕೊಡುತ್ತಾನೆ ಎಂದು ನಾನು ಕೇಳಲಿಲ್ಲ. ಕೇಳಿದರೆ ಎಲ್ಲಿ ಹೆಚ್ಚಿಸುತ್ತಾನೋ ಎಂಬ ಭಯ.

ನಾವು ಅಂಗಳದಲ್ಲಿ ನಿಂತಿದ್ದಾಗ ಮೇಲಿನ ಹಟ್ಟಿಯಿಂದ ಒಬ್ಬರು ಇಳಿದು ಬಂದರು. ಬಿಳಿಯ ದುಪ್ಪಟಿ ಹೊದ್ದ, ಬಿಳಿಯ ಮುಂಡಾಸು ಸುತ್ತಿದ, ಆ ಬೆಟ್ಟದ ಬೇಸಾಯಗಾರ ಬಡಗ ಜನದವರು, ಹೆಸರು ಜೋಗಿ ಗೌಡ. ಸುತ್ತಲಿನ ಆಲೂಗೆಡ್ಡೆ ಹೊಲಗಳು ಅವರ ಮನೆತನದವು. ಅವರ ಮಾತು ನಮ್ಮದಕ್ಕೆ ಅಕ್ಕನ ಮಗಳಂಥದು, ನಿಧಾನವಾಗಿ ಆಡಿದರೆ ಎಲ್ಲ ತಿಳಿಯುತ್ತಿತ್ತು. ಅವರು ಶಾರದೆಯ ಕೆನ್ನೆ ಮುಟ್ಟಿ, ನನ್ನ ಕಡೆ ತಿರುಗಿದರು.

"ಸಾಮಿ, ಈ ಮನೆ ನಿಂಗಗ ಬ್ಯಾಡ. ಹನಿಕಾಲ ಬಂದಲೆ ಹನಿ ಎಲ್ಲಾ ನೀರ ಹಾಗೆ ಇಳಿದು ಈ ತಗ್ಗುಗ ಬಂದು ನಿಲ್ಲುತ್ತೆ. ನಂಗ ಇಲ್ಲಿ ಆ ಕಾಲಕ್ಕೆ ಗೆಡ್ಡೆ ಕೂಡ ಹಾಕೋದಿಲ್ಲೆ. ನಿಂಗ ಕೂಸ ತಂದು ಇಡ್ತೀರಾ?"

ಹನಿ ಎಂದರೆ ಅಲ್ಲಿ ಚಳಿಗಾಲದ ಬೆಳಿಗ್ಗೆ ಹುಲ್ಲಿನ ಮೇಲೆ ಉಪ್ಪು ಚೆಲ್ಲಿದ ಹಾಗೆ ಬೀಳುವ ಹಿಮ. ಅದು ನನಗೆ ಗೊತ್ತಿತ್ತು. ನಾನು ನಕ್ಕು, ಚಳಿ ಮೇಲೆ ಹೆಚ್ಚು, ಕೆಳಗೆ ಕಡಿಮೆ ಎಂದು ಅವರಿಗೇ ಪಾಠ ಹೇಳಿದೆ. ಆ ಬೆಟ್ಟದಲ್ಲಿ ಹುಟ್ಟಿ, ಆ ಬೆಟ್ಟದಲ್ಲಿ ಅರವತ್ತು ಚಳಿಗಾಲ ಕಳೆದವರಿಗೆ! ಅವರು ಸಿಟ್ಟಾಗಲಿಲ್ಲ. "ಎನ್ನ ಎಮ್ಮೆಯ ಕೇಳಿ ಸಾಮಿ. ಬೆಳಿಗ್ಗೆ ಬಿಸಿಲು ಈ ತಗ್ಗುಗ ಇಳಿಯೋ ತನಕ ಅದು ಈ ಕಡೆ ಕಾಲಿಡದು" ಎಂದರು. ಆಮೇಲೆ, ಹಟ್ಟಿಯ ಪಕ್ಕದಲ್ಲಿ ತಮ್ಮದೊಂದು ಎರಡು ಅಂಕಣದ ಮನೆ ಖಾಲಿ ಇದೆ, ಬೇಕಾದರೆ ಬಂದಿರಬಹುದು ಎಂದರು.

ಅಷ್ಟೇ, ನನ್ನ ಗುಮಾಸ್ತ ಬುದ್ಧಿಗೆ ಎಲ್ಲ ಹೊಳೆದುಹೋಯಿತು. ಓಹೋ, ತನ್ನ ಮನೆಗೆ ಬಾಡಿಗೆದಾರನನ್ನು ಹಿಡಿಯಲು ಈ ಮನೆಯ ಮೇಲೆ ಹೀಗೆ ಹೆದರಿಕೆ ಹುಟ್ಟಿಸುತ್ತಿದ್ದಾನೆ! ಅತಿ ಬುದ್ಧಿವಂತರಿಗೆ ಒಂದು ರೋಗವಿದೆ, ಒಳ್ಳೆಯ ಮಾತಿನಲ್ಲೂ ಲಾಭ ಹುಡುಕುತ್ತಾರೆ. ನಾಗವೇಣಿ ಮಾತ್ರ ಮೇಲಿನ ಹಟ್ಟಿಯ ಸಾಲುಮನೆಗಳನ್ನೇ ನೋಡುತ್ತ ನಿಂತಿದ್ದಳು.

"ರೀ, ಮೇಲೇ ಇರೋಣ ಕಣ್ರೀ. ಜನ ಇದ್ದಾರೆ. ಬಿಸಿಲಿದೆ."

"ಅಲ್ಲಿಂದ ನೀರಿಗೆ ಇಷ್ಟು ದೂರ ಇಳೀಬೇಕು, ಹತ್ತಬೇಕು. ಗಾಜಿನ ಕಿಟಕಿ ಇಲ್ಲ. ಒಲೆ ಹೊಗೆ ಮನೆ ತುಂಬ ಸುತ್ತತ್ತೆ, ಮಗು ಕೆಮ್ಮಲ್ವೇ? ನಾನು ನಕ್ಷೆ ನೋಡಿದೀನಿ, ಸುಮ್ಮನಿರು."

ನಕ್ಷೆ ಎಂಬ ಮಾತಿಗೆ ಅವಳ ಬಳಿ ಎದುರು ಮಾತಿರಲಿಲ್ಲ. ಆ ಮಾತನ್ನು ನಾನು ಅದಕ್ಕೆಂದೇ ಬಳಸುತ್ತಿದ್ದೆ.

ನ್ಯಾಯವಾಗಿ ಹೇಳಬೇಕು, ಮೊದಲ ಏಳು ತಿಂಗಳು ನಾನೇ ಗೆದ್ದೆ. ಮಳೆಗಾಲದ ಗಾಳಿ ಗುಡ್ಡಗಳ ಮೇಲೆಯೇ ಹಾದುಹೋಯಿತು. ಗೋಡೆ ಒಣಗಿತ್ತು. ಶಾರದೆಯ ಕೆಮ್ಮು ಆಷಾಢದಲ್ಲೇ ನಿಂತಿತು. ಕೆನ್ನೆ ತುಂಬಿತು. ಜೋಗಿ ಗೌಡರ ತಾಯಿ, ಹಟ್ಟಿಯವರೆಲ್ಲ ಹೆತ್ತೆ, ಎಂದರೆ ಅಜ್ಜಿ, ಎನ್ನುವ ಮುದುಕಿ, ದಿನಾ ಬೆಳಿಗ್ಗೆ ಬಿಸಿಲು ತಗ್ಗಿಗೆ ಇಳಿಯುವ ಹೊತ್ತಿಗೆ ಎಮ್ಮೆ ಹಾಲು ತಂದು ಕೊಡುತ್ತಿದ್ದರು. ಹಾಲು ಕೊಟ್ಟು ಹೋಗುವವರಲ್ಲ, ಅಂಗಳದಲ್ಲಿ ಕುಳಿತು ಶಾರದೆಗೆ ಸುಟ್ಟ ಆಲೂಗೆಡ್ಡೆ ಸುಲಿದು ತಿನ್ನಿಸಿ, ಅವಳಿಂದ ನಮ್ಮ ಕಡೆಯ ಬಾಯಿಪಾಠ ಹೇಳಿಸಿಕೊಂಡು ನಗುತ್ತಿದ್ದರು. ಮಗು ಅರ್ಧ ನಮ್ಮ ಮಾತು ಅರ್ಧ ಅವರ ಮಾತು ಆಡತೊಡಗಿತು. ಬೇಡ ಎನ್ನುವುದಕ್ಕೆ ಬ್ಯಾಡ, ಇಲ್ಲ ಎನ್ನುವುದಕ್ಕೆ ಇಲ್ಲೆ. ಅಪ್ಪನಾದ ನನ್ನನ್ನು ಮಾತ್ರ ನಮ್ಮ ಮನೆಯ ರೂಢಿಯಂತೆ ಅಣ್ಣ ಎಂದೇ ಕರೆಯುತ್ತಿದ್ದಳು. ನಾನು ದಿನಾ ಒಂಬತ್ತು ಮೈಲಿ ನಡೆದು, ತೊಡೆ ಹಿಡಿದು ಬಂದು ಜಗಲಿಯಲ್ಲಿ ಬಿದ್ದುಕೊಂಡರೆ, ಅವಳು ನನ್ನ ಬೂಟು ಎಳೆದು ತೆಗೆಯಲು ಹೋಗಿ ಬೂಟಿನ ಸಮೇತ ಹಿಂದಕ್ಕೆ ಬೀಳುತ್ತಿದ್ದಳು. ಕಚೇರಿಯಲ್ಲಿ ನಾನು 'ಮನೆ ಹೇಗೆ ಆರಿಸಬೇಕು' ಎಂದು ಎಲ್ಲರಿಗೂ ಉಪನ್ಯಾಸ ಕೊಡುತ್ತಿದ್ದೆ. ಇಬ್ಬರು ನನ್ನ ಮಾತು ಕೇಳಿ ದಾರ ಹಿಡಿದು ನಕ್ಷೆಯ ಮುಂದೆ ಕೂತದ್ದೂ ಉಂಟು.

ಕಾರ್ತಿಕ ಕಳೆಯುತ್ತಿದ್ದ ಹಾಗೆ ಆಕಾಶ ತಿಳಿಯಾಯಿತು, ಗಾಳಿ ನಿಂತಿತು. ಒಂದು ಬೆಳಿಗ್ಗೆ ಬಾಗಿಲು ತೆರೆದರೆ ಅಂಗಳ ಬೆಳ್ಳಗಿತ್ತು. ಹಂಡೆಯ ನೀರಿನ ಮೇಲೆ ಗಾಜಿನಂತೆ ಪದರ ಕಟ್ಟಿತ್ತು. ತೆಂಗಿನೆಣ್ಣೆಯ ಕತೆ ಬಿಡಿ, ಒಗೆದು ಹಾಕಿದ ಪಂಚೆ ಹಲಗೆಯಾಗಿ ನಿಂತಿತ್ತು. ತಲೆಯೆತ್ತಿ ನೋಡಿದೆ. ಮೇಲೆ ಹಟ್ಟಿಯ ಸುತ್ತ ಹುಲ್ಲು ಹಸಿರಾಗಿಯೇ ಇತ್ತು. ಬಿಳುಪು ಗುಡ್ಡದ ಅರ್ಧಕ್ಕೆ, ಯಾರೋ ಗೆರೆ ಎಳೆದ ಹಾಗೆ, ನಿಂತುಹೋಗಿತ್ತು. ನಾವು ಆ ಗೆರೆಯ ಕೆಳಗೆ, ತಳದಲ್ಲಿದ್ದೆವು. ನನಗೆ ಆ ಕ್ಷಣವೇ ಅರ್ಥವಾಯಿತು. ಅರ್ಥವಾಗಲಿಲ್ಲ ಎಂದು ಸುಳ್ಳು ಹೇಳಿದರೆ ಈ ಕಾಗದಕ್ಕೆ ಬೆಲೆಯಿಲ್ಲ.

ಜೋಗಿ ಗೌಡರು ಮತ್ತೆ ಬಂದರು. ಈ ಸಲ ಒಳಗೂ ಬಂದು ಬಾಗಿಲ ಬಳಿ ಕುಳಿತರು. "ಸಾಮಿ, ಎರಡು ತಿಂಗ ಮಾತ್ರ ಮೇಲೆ ಬನ್ನಿ. ಬಾಡಿಗೆ ಮಾತು ಬ್ಯಾಡ. ಹನಿ ಹೋದಲೆ ಮತ್ತೆ ಇಳಿದು ಬನ್ನಿ. ಹೆತ್ತೆ ಕೂಸಗೋಸ್ಕರ ಕೇಳ್ತಾ ಉಂಟು."

ಬಾಡಿಗೆ ಬೇಡವೆಂದವರ ಮಾತಿನಲ್ಲಿ ಇನ್ನು ಯಾವ ಲಾಭ ಹುಡುಕಲಿ? ಹೋಗಬೇಕಾಗಿತ್ತು. ಪಾತ್ರೆ ಪಡಗ ಹೊತ್ತು ಹತ್ತುವುದು ಅರ್ಧ ದಿನದ ಕೆಲಸ. ಆದರೆ ಹೋದರೆ ಅವರ ಮಾತು ಸರಿ, ನನ್ನ ನಕ್ಷೆ ತಪ್ಪು ಎಂದು ಒಪ್ಪಿದಂತಾಗುತ್ತಿತ್ತು. ಕಚೇರಿಯಲ್ಲಿ ಉಪನ್ಯಾಸ ಕೊಟ್ಟದ್ದು ಬೇರೆ. "ನೋಡೋಣ ಗೌಡರೇ, ಮನೆಯನ್ನೇ ಸ್ವಲ್ಪ ಬೆಚ್ಚಗೆ ಮಾಡ್ಕೋತೇವೆ" ಎಂದುಬಿಟ್ಟೆ. ನಾಗವೇಣಿ ಒಳಗಿನಿಂದ ನನ್ನನ್ನು ನೋಡಿದಳು. ನಾನು ಅವಳ ಕಡೆ ನೋಡಲಿಲ್ಲ.

ಬೆಚ್ಚಗೆ ಮಾಡುವುದಕ್ಕೆ ನಿಂತೆ. ಕೈಕೆಲಸದಲ್ಲಿ ನಾನು ಬಹಳ ಅಚ್ಚುಕಟ್ಟು. ಕಚೇರಿಯಲ್ಲಿ ಬಿಸಾಡುವ ಮಂದ ಕಾಗದದ ತುಂಡುಗಳನ್ನು ತಂದೆ, ಮೈದಾ ಅಂಟು ಕಾಯಿಸಿದೆ. ಕಿಟಕಿಯ ಸಂದು, ಚೌಕಟ್ಟಿನ ಸಂದು, ಚಾವಣಿಯ ಹಲಗೆಗಳ ನಡುವಿನ ಸಂದು, ಒಂದನ್ನೂ ಬಿಡದೆ ಅಂಟಿಸಿದೆ. ಬೆಂಕಿಗೂಡಿನಲ್ಲಿ ಸೌದೆ ಹಾಕಿದರೆ ಗಾಳಿಯಿಲ್ಲದ ಆ ಗುಳಿಯಲ್ಲಿ ಹೊಗೆ ಮೇಲೇರದೆ ಕೋಣೆಗೇ ಹಿಂದಿರುಗುತ್ತಿತ್ತು, ಶಾರದೆ ಕೆಮ್ಮುತ್ತಿದ್ದಳು. ಆರಿದ ಮೇಲೆ ಅದೇ ಗೂಡಿನಿಂದ ತಣ್ಣನೆಯ ಗಾಳಿ ಇಳಿಯುತ್ತಿತ್ತು. ಅದಕ್ಕೆ ಒಂದು ಗೋಣಿಚೀಲದಲ್ಲಿ ಹುಲ್ಲು ತುಂಬಿ ಹೊಗೆ ಹೋಗುವ ಗೂಡಿನೊಳಗೆ ಬಿಗಿಯಾಗಿ ತುರುಕಿದೆ. ಸೌದೆ ಬೇಡ, ಇದ್ದಿಲು ತರೋಣ ಎಂದು ನಾಗವೇಣಿಯೇ ಹೇಳಿದಳು. ನಾವಿಬ್ಬರೂ ಇದ್ದಿಲ ಅಗ್ಗಿಷ್ಟಿಕೆಯ ಪಕ್ಕದಲ್ಲೇ ಹುಟ್ಟಿದವರು. ಅದು ಹೊಗೆಯಿಲ್ಲದ, ಮಡಿಯಾದ, ಬಾಣಂತಿಗೂ ಹಸುಗೂಸಿಗೂ ಹೇಳಿ ಮಾಡಿಸಿದ ಬೆಂಕಿ. ಅದನ್ನು ಅನುಮಾನಿಸುವುದು ತಾಯಿಯ ಕೈತುತ್ತನ್ನು ಅನುಮಾನಿಸಿದ ಹಾಗೆ. ನಮ್ಮ ಊರಿನ ಮನೆಗಳಿಗೆ ನಾಡಹೆಂಚು, ಇದ್ದಿಲಿನ ಕಾಣದ ವಿಷಗಾಳಿ ಹೊರಹೋಗಲು ಸಾವಿರ ಸಂದು ಎಂಬುದು ನಮ್ಮಿಬ್ಬರಿಗೂ ಹೊಳೆಯಲಿಲ್ಲ. ಬೆಳಿಗ್ಗೆ ಎದ್ದರೆ ತಲೆ ಭಾರವೆನ್ನಿಸುತ್ತಿತ್ತು. ಚಳಿಗೆ ಎಂದುಕೊಂಡೆವು.

"ಮನೆ ಡಬ್ಬಿ ಥರ ಆಯ್ತಲ್ರೀ" ಎಂದಳು ಅವಳು.

"ಡಬ್ಬಿ ಅಂದ್ರೆ ಬೆಚ್ಚಗಿರತ್ತೆ" ಎಂದೆ.

ಒಂದು ಸಣ್ಣ ಕಿಟಕಿಯ ಗಾಜು ಒಡೆದಿತ್ತು. ಅದಕ್ಕೆ ಎರಡು ಪದರ ಕಾಗದ ಅಂಟಿಸಿದ್ದೆ. ಹೆತ್ತೆ ಹಾಲು ಹೊತ್ತು ಇಳಿಯುವ ಕಾಲುದಾರಿ ಆ ಕಿಟಕಿಯಿಂದಲೇ ಕಾಣುತ್ತಿದ್ದದ್ದು. ಶಾರದೆ ಒಂದು ದಿನ ಅದಕ್ಕೆ ಬೆರಳು ಚುಚ್ಚಿ, ಒಂದು ಕಣ್ಣು ಮುಚ್ಚಿ, ತೂತಿನಿಂದ ನೋಡುತ್ತಿದ್ದಳು. ನಾನು ಸಂಜೆ ಬಂದು ನೋಡಿ ಗದರಿದೆ.

"ಅಣ್ಣಾ, ಹೆತ್ತೆ ಕಾಣೋದಿಲ್ಲೆ" ಎಂದು ತುಟಿ ಅದುರಿಸಿದಳು.

"ಬಂದಾಗ ಬಾಗಿಲು ತಟ್ತಾರೆ, ಆಗ ನೋಡು" ಎಂದು ಹೇಳಿ, ಆ ತೂತಿನ ಮೇಲೆ ಇನ್ನೊಂದು ತುಂಡು ಅಂಟಿಸಿ, ಅಂಚನ್ನು ಹೆಬ್ಬೆರಳಿನಿಂದ ತೀಡಿದೆ. ನಾನು ಎಂದೂ ಅರೆಬರೆ ಕೆಲಸ ಮಾಡಿದವನಲ್ಲ.

ಮಾರನೆಯ ಬೆಳಿಗ್ಗೆ ನಾಗವೇಣಿಗೆ ಜ್ವರ ಬಂದಿತ್ತು. ನಾನೇ ಗಂಜಿ ಮಾಡಿಟ್ಟೆ. ಏಳು ಗಂಟೆಗೆ ಹೊರಡುವ ಮೊದಲು ಅಗ್ಗಿಷ್ಟಿಕೆಗೆ ಕಂಠಮಟ್ಟ ಇದ್ದಿಲು ತುಂಬಿ, ಊದಿ, ಕೆಂಪಗೆ ಮಾಡಿ, ಮಂಚದ ಪಕ್ಕದಲ್ಲಿಟ್ಟೆ. ಮಗುವಿಗೆ ಚೆನ್ನಾಗಿ ತಾಕಲಿ ಎಂದು ಅವಳು ಮಲಗಿದ್ದ ಕಡೆಗೇ ಇಟ್ಟೆ. ಆ ಗುಳಿಗೆ ಬಿಸಿಲು ಇಳಿಯಬೇಕಾದರೆ ಹತ್ತು ಗಂಟೆಯಾಗುತ್ತಿತ್ತು. "ಬಿಸಿಲು ಬರೋವರೆಗೂ ಬಾಗಿಲು ತೆಗೀಬೇಡಿ" ಎಂದು ಹೇಳಿ, ಬಾಗಿಲನ್ನು ಎಳೆದುಕೊಂಡು, ನಾಗವೇಣಿ ಎದ್ದು ಬಂದು ಒಳಗಿನಿಂದ ಅಗುಳಿ ಹಾಕಿದ ಮೇಲೆ, ಬಿಗಿಯಾಯಿತೇ ಎಂದು ಒಂದು ಸಲ ತಳ್ಳಿ ನೋಡಿ ಹೊರಟೆ.

ಮಧ್ಯಾಹ್ನದ ಹೊತ್ತಿಗೆ ನಾನು ಮೇಜಿನ ಮೇಲೆ ಬಗ್ಗಿ ಒಂದು ಗುಡ್ಡದ ಗೆರೆ ಎಳೆಯುತ್ತಿದ್ದೆ. ಜವಾನ ಬಂದು, ಯಾರೋ ಬಡಗರು ಹೊರಗೆ ನಿಂತಿದ್ದಾರೆ, ಕರೆಯುತ್ತಾರೆ ಎಂದ. ಮಸಿಯ ಗೆರೆಯನ್ನು ನಡುವೆ ಕೈ ಎತ್ತಿದರೆ ಗಂಟು ಬೀಳುತ್ತದೆ. ಎತ್ತದೆ ಮುಗಿಸಬೇಕು, ಇದು ನಮ್ಮ ಕೆಲಸದ ಮೊದಲ ಪಾಠ. "ಇರಲು ಹೇಳು" ಎಂದೆ. ಗುಡ್ಡವನ್ನು ಪೂರ್ತಿ ಸುತ್ತಿ, ಗೆರೆಯ ತುದಿಯನ್ನು ತುದಿಗೆ ಕೂಡಿಸಿ, ಮಸಿ ಒತ್ತಿ, ಲೇಖನಿ ಒರೆಸಿ ಎದ್ದೆ. ಎಷ್ಟು ಹೊತ್ತು ಹಿಡಿಯಿತೋ ತಿಳಿಯದು. ಅಷ್ಟು ಹೊತ್ತೂ ಜೋಗಿ ಗೌಡರು ಜಗಲಿಯಲ್ಲಿ ಮುಂಡಾಸನ್ನು ಕೈಯಲ್ಲಿ ಹಿಡಿದು ನಿಂತಿದ್ದರು. ಅವರ ಬಲಗೈಗೆ ಬಟ್ಟೆ ಸುತ್ತಿತ್ತು, ರಕ್ತ ಒಸರಿತ್ತು.

"ಮನೆಯಮ್ಮ ಉಸಿರಾಡ್ತಾರೆ ಸಾಮಿ" ಎಂದರು. ಅಷ್ಟೇ ಹೇಳಿದರು. ಮಗುವಿನ ಮಾತು ಎತ್ತಲಿಲ್ಲ. ಎತ್ತದೆಯೇ ತಿಳಿಯಿತು.

ಹೆತ್ತೆ ಹಾಲು ತಂದು ಬಾಗಿಲು ತಟ್ಟಿದ್ದರು, ಕೂಗಿದ್ದರು. ಉತ್ತರವಿಲ್ಲ. ಹಟ್ಟಿಯಿಂದ ಗೌಡರು ಓಡಿ ಬಂದು, ಒಳಗಿನಿಂದ ಅಗುಳಿ ಹಾಕಿದ್ದ ಬಾಗಿಲು ಜಗ್ಗದಿದ್ದಾಗ, ಕೈಯಿಂದಲೇ ಗಾಜು ಒಡೆದು ಒಳಗೆ ಇಳಿದಿದ್ದರು. ನಾಗವೇಣಿ ಬಾಗಿಲವರೆಗೂ ತೆವಳಿ, ಹೊಸ್ತಿಲ ಬಳಿ ಬಿದ್ದಿದ್ದಳು. ಇಡೀ ಮನೆಯಲ್ಲಿ ನಾನು ಕಾಗದ ಅಂಟಿಸದೆ ಉಳಿಸಿದ್ದ ಸಂದು ಅದೊಂದೇ, ಬಾಗಿಲು ತೆರೆಯಲೇಬೇಕಲ್ಲ ಎಂದು. ಶಾರದೆ ಮಂಚದ ಮೇಲೆ ಕಂಬಳಿಯೊಳಗೆ ಮಲಗಿದ್ದ ಹಾಗೇ ಇದ್ದಳು. ಕೆನ್ನೆ ಎಂದಿಗಿಂತ ಕೆಂಪಗಿತ್ತು. ನಾನು ಹೋಗಿ ನೋಡಿದಾಗಲೂ ಕೆಂಪಗಿತ್ತು. ಒಂದು ಗಳಿಗೆ, ಗೌಡರು ತಪ್ಪಾಗಿ ತಿಳಿದಿದ್ದಾರೆ, ಇವಳು ಚೆನ್ನಾಗಿಯೇ ಇದ್ದಾಳೆ ಎಂದುಕೊಂಡೆ. ಮುಟ್ಟಿದ ಮೇಲೆ ಹಾಗೆ ಅಂದುಕೊಳ್ಳಲಾಗಲಿಲ್ಲ.

ನಾಗವೇಣಿಗೆ ಎರಡು ದಿನ ಪ್ರಜ್ಞೆಯಿರಲಿಲ್ಲ. ಅವಳನ್ನು ಹಟ್ಟಿಗೆ ಹೊತ್ತು ಹೋಗಿ ಹೆತ್ತೆಯ ಪಕ್ಕದಲ್ಲಿ ಮಲಗಿಸಿದರು. ಸಣ್ಣ ಮಗುವನ್ನು ಮಣ್ಣು ಮಾಡುವುದು ನಮ್ಮ ಪದ್ಧತಿ. ಎಲ್ಲಿ ಎಂದು ಗೌಡರು ನನ್ನನ್ನು ಕೇಳಿದರು. ಇಷ್ಟು ವರ್ಷ ಜಾಗ ಗುರುತು ಮಾಡಿ ಗುರುತು ಮಾಡಿ ಬದುಕಿದವನಿಗೆ ಮೂರು ಅಡಿ ನೆಲ ತೋರಿಸಲು ಬೆರಳು ಏಳಲಿಲ್ಲ. ಅವರೇ ತಮ್ಮ ಹೊಲದ ಮೇಲಿನ ಅಂಚಿನಲ್ಲಿ, ಗುಡ್ಡದ ಮೂಡಣ ಮಗ್ಗುಲಲ್ಲಿ, ಒಂದು ಕಡೆ ಹಾರೆ ಊರಿದರು. ಹಟ್ಟಿಯ ಗಂಡಸರು ಅಗೆದರು. ಹೆತ್ತೆ ತಮ್ಮ ದುಪ್ಪಟಿಯನ್ನೇ ಹರಿದು ಮಗುವಿಗೆ ಸುತ್ತಿದರು. ನಾನು ಒಂದು ಹಿಡಿ ಮಣ್ಣು ಹಾಕಿದೆ. ನನ್ನಿಂದಾದದ್ದು ಅಷ್ಟೇ.

ನಾಗವೇಣಿಗೆ ಎಚ್ಚರವಾದ ಮೇಲೆ ಹೇಳಿದವರು ಹೆತ್ತೆ, ನಾನಲ್ಲ. ನಾನು ಹೊರಗೆ ಎಮ್ಮೆಯ ಕೊಟ್ಟಿಗೆಯ ಬಳಿ ನಿಂತಿದ್ದೆ. ಅವಳು ಅತ್ತದ್ದು ಕೇಳಿಸಿತು. ಆಮೇಲೆ ಅದು ನಿಂತದ್ದೂ ಕೇಳಿಸಿತು. ನಿಂತದ್ದೇ ಹೆಚ್ಚು ಕಷ್ಟವಾಯಿತು. ಒಳಗೆ ಹೋದಾಗ ಅವಳು ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಅವಳ ಕಾಲು ಹಿಡಿದುಕೊಳ್ಳಬಹುದಾಗಿತ್ತು. ಅದಕ್ಕೂ ಎಡೆ ಕೊಡಲಿಲ್ಲ. ನಾನೇ ಏನಾದರೂ ಹೇಳಬೇಕೆಂದು, "ಇನ್ನು ಕೆಳಗೆ ಬೇಡ ಕಣೇ. ಗೌಡರ ಈ ಮನೆಯಲ್ಲೇ ಇದ್ದುಬಿಡೋಣ. ಬೆಚ್ಚಗಿದೆ" ಎಂದೆ.

"ಈಗ ಯಾರಿಗೆ ಬೆಚ್ಚಗಿರಬೇಕು?" ಎಂದು ಕೇಳಿದಳು. ನಿಜವಾಗಿ ತಿಳಿಯದೆ ಕೇಳುವವಳ ಹಾಗೆ ಕೇಳಿದಳು.

ಎಂಟನೆಯ ದಿನ ಎದ್ದು ನಡೆಯುವಷ್ಟು ಶಕ್ತಿ ಬಂತು. ಬೆಳಿಗ್ಗೆ ಹೆತ್ತೆಯ ಕೈ ಹಿಡಿದು ಹೊಲದ ಅಂಚಿಗೆ ಹೋದಳು. ನಾನು ಹಿಂದೆ ಹೋಗಲಿಲ್ಲ, ಹಟ್ಟಿಯ ಅಂಗಳದಿಂದ ನೋಡುತ್ತ ನಿಂತೆ. ಕೆಳಗೆ ತಗ್ಗಿನಲ್ಲಿ ಹನಿ ಇನ್ನೂ ಬೆಳ್ಳಗೆ ಹಾಸಿತ್ತು, ನಮ್ಮ ಮನೆಯ ತಗಡು ಅದರೊಳಗೆ ಅರ್ಧ ಕಾಣಿಸುತ್ತಿತ್ತು. ಮೇಲೆ ಆ ಇಬ್ಬರು ಕುಳಿತ ಕಡೆ ಆಗಲೇ ಬಿಸಿಲು. ಬಹಳ ಹೊತ್ತು ಕುಳಿತಿದ್ದರು. ಹಿಂದಿರುಗಿ ಬಂದಾಗ ನಾಗವೇಣಿಯ ಸೆರಗು ಮಣ್ಣಾಗಿತ್ತು. ನನ್ನ ಮುಂದೆ ನಿಂತು, ಎಚ್ಚರವಾದ ಮೇಲೆ ಮೊದಲ ಸಲ ನನ್ನ ಮುಖ ನೋಡಿ ಮಾತಾಡಿದಳು.

"ಮಣ್ಣು ಬೆಚ್ಚಗಿದೆ. ಬೆಳಿಗ್ಗೆ ಮೊದಲು ಬಿಸಿಲು ಬೀಳೋದೇ ಅಲ್ಲಿಗಂತೆ. ಯಾರು ನೋಡಿದ ಜಾಗ ಅದು?"

"ಜೋಗಿ ಗೌಡರು" ಎಂದೆ.

"ಸದ್ಯ, ನೀವು ನೋಡಿದ್ದಲ್ಲವಲ್ಲ" ಎಂದು ಹೇಳಿ, ಕೈ ತೊಳೆಯಲು ಹೋದಳು.